ಹಣದ ವಿದ್ಯೆ, ಋಣದ ವಿದ್ಯೆ

ವರದಾ ನದಿಯ ದಂಡೆಯ ಹೊಸರಿತ್ತಿಯಲ್ಲಿ ಮಗನನ್ನೋ ಮಗಳನ್ನೋ ಉಚ್ಚ ಶಿಕ್ಷಣಕ್ಕೆ ಕಳುಹಿಸಬೇಕೆಂದಿರುವ ರೈತನ ಮನೆಗೆ ಇಂದು ಬಣ್ಣಬಣ್ಣದ ಪರಿಚಯಪತ್ರಿಕೆಗಳು ಬರುತ್ತವೆ. ಒಂದೊಂದರ ಮೇಲೂ ಗಾಜಿನ ಗೋಡೆಯ ಕಟ್ಟಡ, ಹಸಿರು ಹುಲ್ಲುಹಾಸು, ಅದರ ಮೇಲೆ ನಗುತ್ತ ಕುಳಿತ ತರುಣ ತರುಣಿಯರು. ಹುಲ್ಲಿನ ಮೇಲೆ ಕುಳಿತು ನಗುವುದಕ್ಕೆ ವಿಶ್ವವಿದ್ಯಾಲಯವೇ ಏಕೆ, ನಮ್ಮ ಹೊಲದ ಬದು ಸಾಲದೆ ಎಂದು ಮನೆಯ ಅಜ್ಜಿ ಕೇಳಿಯಾಳು. ತಂದೆಗೆ ಮಾತ್ರ ನಗೆ ಬಾರದು. ಅವನ ಕಣ್ಣು ಕೊನೆಯ ಪುಟದ ಶುಲ್ಕದ ಅಂಕೆಯಲ್ಲಿ ನೆಟ್ಟಿರುತ್ತದೆ. ಎಷ್ಟು ಚೀಲ ಮೆಣಸಿನಕಾಯಿ ಪೇಟೆಗೆ ಹೋದರೆ ಆ ಅಂಕೆ ತುಂಬೀತು? ತುಂಬದಿದ್ದರೆ ಒತ್ತೆ ಬೀಳುವ ಎಕರೆ ಯಾವುದು?

ಬ್ಯಾಡಗಿಯ ಪೇಟೆ ಅವನಿಗೆ ಒಂದು ವಿವೇಕವನ್ನು ಕಲಿಸಿದೆ. 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಬ್ಯಾಡಗಿ ಮೆಣಸಿನಕಾಯಿ ನೋಟಕ್ಕೆ ನುಣುಪಲ್ಲ, ಸುಕ್ಕುಗಟ್ಟಿದ್ದು, ಖಾರವೂ ಕಡಿಮೆ. ಅದರ ಬೆಲೆಯೆಲ್ಲ ಅದು ಬಿಡುವ ಬಣ್ಣದಲ್ಲಿದೆ. ಹೊರಗಿನ ನುಣುಪಿಗೆ ಮರುಳಾಗದ ಈ ಕಣ್ಣನ್ನು ವಿದ್ಯಾಲಯದ ಆಯ್ಕೆಯಲ್ಲಿಯೂ ಬಳಸಬಾರದೇಕೆ?

ಖಾಸಗಿ ವಿಶ್ವವಿದ್ಯಾಲಯಗಳು ಕರ್ನಾಟಕದಲ್ಲಿ ವಿಧಾನಮಂಡಲದ ಕಾಯಿದೆಯಿಂದಲೇ ಹುಟ್ಟತಕ್ಕವು. ಆದುದರಿಂದ ಪದವಿ ಕೊಡುವ ಅಧಿಕಾರವೇ ಯಾವುದರ ಹೆಚ್ಚುಗಾರಿಕೆಯೂ ಆಗಲಾರದು. ಅದು ಎಲ್ಲಕ್ಕೂ ಸಮಾನ. ಕಟ್ಟಡವನ್ನು ಹಣವುಳ್ಳ ಯಾರೂ ಕಟ್ಟಿಸಬಲ್ಲರು. ಹಾಗಾದರೆ ಒಂದು ವಿದ್ಯಾಲಯವನ್ನು ವಿದ್ಯಾರ್ಥಿಯ ಪಾಲಿಗೆ ಬೇರೆಯಾಗಿಸುವುದು ಯಾವುದು?

ಬೆಳಗಾವಿಯ ಕೆ.ಎಲ್.ಇ. ಸಂಸ್ಥೆಯ ಚರಿತ್ರೆಯಲ್ಲಿ ಇದಕ್ಕೆ ಒಂದು ಉತ್ತರವಿದೆ. 1916ರ ನವೆಂಬರ್ 13ರಂದು ಅದನ್ನು ಒಂದು ಶಾಲೆಯಾಗಿ ಆರಂಭಿಸಿದವರು ಶ್ರೀಮಂತರಲ್ಲ. ಏಳು ಮಂದಿ ಶಿಕ್ಷಕರು. ಜನ ಅವರನ್ನು ಸಪ್ತರ್ಷಿಗಳೆಂದು ಕರೆದರು. ಆಜೀವ ಸದಸ್ಯರಾಗಿ ಬಾಳನ್ನೇ ಸಂಸ್ಥೆಗೆ ಒಪ್ಪಿಸುವ ಪದ್ಧತಿ ಅವರದು. ದಾನಿಗಳು ಅನಂತರ ಬಂದರು. 1933ರಲ್ಲಿ ಲಿಂಗರಾಜ ಕಾಲೇಜು, 1947ರಲ್ಲಿ ಹುಬ್ಬಳ್ಳಿಯ ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜು ತಲೆಯೆತ್ತಿದವು. ಎರಡನೆಯದೇ ಇಂದು ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವೆಂಬ ಖಾಸಗಿ ವಿಶ್ವವಿದ್ಯಾಲಯ. ಹಾವೇರಿಯಲ್ಲಿ ಅದೇ ಸಂಸ್ಥೆಯ ಕಾಲೇಜು ಹೊತ್ತಿರುವುದು ಹೊಸರಿತ್ತಿಯ ಸ್ವಾತಂತ್ರ್ಯ ಹೋರಾಟಗಾರ ಗುದ್ಲೆಪ್ಪ ಹಳ್ಳಿಕೇರಿಯವರ ಹೆಸರನ್ನು.

ಇಲ್ಲಿ ಕಲ್ಲಿಗಿಂತ ಮೊದಲು ಗುರು ಇದ್ದ ಎಂಬುದೇ ಮುಖ್ಯ ಸಂಗತಿ. ಇಂದು ಅಲ್ಲಿಯೂ ಶುಲ್ಕವುಂಟು. ಹಣವಿಲ್ಲದೆ ಯಾವ ಪ್ರಯೋಗಶಾಲೆಯೂ ನಡೆಯದು. ಆದರೆ ಆ ಮೊದಲ ಗುಣ ಉಳಿದಿದೆಯೆ ಎಂಬುದನ್ನು ಯಾವ ವಿದ್ಯಾಲಯದಲ್ಲಾಗಲಿ ಪರೀಕ್ಷಿಸಿ ನೋಡಬಹುದು. ಅದಕ್ಕೆ ಉತ್ಸವದ ದಿನ ಹೋಗಬಾರದು, ಸಾಧಾರಣ ದಿನವೊಂದರ ಸಂಜೆ ಹೋಗಬೇಕು. ಅಧ್ಯಾಪಕರು ಎಷ್ಟು ವರ್ಷದಿಂದ ಅಲ್ಲಿದ್ದಾರೆ? ವರ್ಷಕ್ಕೊಬ್ಬರಂತೆ ಬದಲಾಗುವ ಗುರುವಿಗೆ ಶಿಷ್ಯನ ಹೆಸರು ತಿಳಿಯುವುದು ಯಾವಾಗ? ಗ್ರಂಥಾಲಯದ ದೀಪ ಎಷ್ಟು ಹೊತ್ತಿನವರೆಗೆ ಉರಿಯುತ್ತದೆ? ಹಳ್ಳಿಯ ಕನ್ನಡ ಶಾಲೆಯಿಂದ ಬಂದವನು ಇಂಗ್ಲಿಷ್ ಪಾಠದಲ್ಲಿ ತಡವರಿಸಿದರೆ ಕೈಹಿಡಿಯುವವರುಂಟೆ?

ಎಲ್ಲಕ್ಕಿಂತ ಮಿಗಿಲಾದ ಪ್ರಶ್ನೆ ಇನ್ನೊಂದು. ಮಳೆ ಕೈಕೊಟ್ಟ ವರ್ಷ ಶುಲ್ಕ ತೆರಲಾರದ ವಿದ್ಯಾರ್ಥಿಯನ್ನು ಏನು ಮಾಡುತ್ತಾರೆ? 2010ರಲ್ಲಿ ಸ್ಥಾಪಿತವಾದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಮನೆಯ ಆದಾಯವನ್ನು ನೋಡಿ ವಿದ್ಯಾರ್ಥಿವೇತನ ನೀಡುವ ಏರ್ಪಾಡಿದೆ. ಅಂಕವನ್ನು ಮಾತ್ರ ಅಳೆಯುವ ಬಹುಮಾನಕ್ಕೂ ಕೊರತೆಯನ್ನು ಅರಿತು ನೀಡುವ ನೆರವಿಗೂ ಬಹಳ ಅಂತರವಿದೆ. ಅಂತಹ ನೆರವಿನ ನಿಯಮವನ್ನು ಮೊದಲೇ ಬರವಣಿಗೆಯಲ್ಲಿ ಕೇಳಿ ಪಡೆಯುವುದು ಲೇಸು. ಕೇಳಿದವನನ್ನು ಹೀನವಾಗಿ ಕಾಣುವ ಕಚೇರಿಯ ಗುಣ ಅಲ್ಲಿಯೇ ತಿಳಿದುಹೋಗುತ್ತದೆ.

ಹೊಸರಿತ್ತಿಗೆ ಇದು ಹೊಸ ಮಾತೇನೂ ಅಲ್ಲ. 1943ರ ಏಪ್ರಿಲ್ 1ರಂದು ಮೈಲಾರ ಮಹದೇವಪ್ಪನವರೂ ಅವರ ಇಬ್ಬರು ಸಂಗಡಿಗರೂ ಗುಂಡಿಗೆ ಎದೆಯೊಡ್ಡಿದ ನೆಲ ಇದು. ಇಲ್ಲಿಯ ಗಾಂಧಿ ಗ್ರಾಮೀಣ ಗುರುಕುಲದಲ್ಲಿ ಮಕ್ಕಳು ಪುಸ್ತಕದ ಪಾಠದೊಡನೆ ಹೊಲದ ಕೆಲಸವನ್ನೂ ಕಲಿಯುತ್ತಾರೆ. ತಾನು ಉಣ್ಣುವ ಅನ್ನದಲ್ಲಿ ಇನ್ನೊಬ್ಬರ ಬೆವರಿದೆ ಎಂಬುದನ್ನು ಅಲ್ಲಿಯ ಮಗುವಿಗೆ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಶುಲ್ಕ ತೆತ್ತವನ ಲೆಕ್ಕ ರಸೀದಿಯೊಡನೆ ಮುಗಿಯುತ್ತದೆ. ತನಗಾಗಿ ಯಾರೋ ಶುಲ್ಕಕ್ಕಿಂತ ಹೆಚ್ಚಿನದನ್ನು ಕೊಟ್ಟರೆಂದು ಬಲ್ಲವನ ಲೆಕ್ಕ ಪದವಿ ಪಡೆದ ಮೇಲೆಯೇ ತೊಡಗುತ್ತದೆ. ಅವನು ಮುಂದೆ ತನ್ನ ಊರಿನ ಇನ್ನೊಂದು ಮಗುವಿನ ಶುಲ್ಕವನ್ನು ತುಂಬಬಹುದು. ಇಲ್ಲವೆ ಕರಿಹಲಗೆಯ ಮುಂದೆ ತಾನೇ ನಿಲ್ಲಬಹುದು. ಅಂತಹವರನ್ನು ಹೊರಗೆ ಕಳುಹಿಸುವ ವಿದ್ಯಾಲಯಕ್ಕಾಗಿ ರೈತನೊಬ್ಬ ಒಂದು ವರ್ಷದ ಬೆಳೆಯನ್ನು ಮಾರಿದರೆ, ಅದು ನಷ್ಟದ ವ್ಯಾಪಾರವಲ್ಲ.