ಕಾವಲು ಮತ್ತು ನಂಬಿಕೆ

ವಿರಾಜಪೇಟೆಯ ಸುತ್ತಲಿನ ಕಾಫಿ ತೋಟಗಳ ದಾರಿಯಲ್ಲಿ ಕಾಡಾನೆಗಳ ಸಂಚಾರವುಂಟು. ಆದುದರಿಂದ ಮಂಜು ಕವಿದ ಮುಂಜಾನೆಗಳಲ್ಲಿ ತಂದೆಯೋ ತಾಯಿಯೋ ಮಕ್ಕಳೊಡನೆ ಬಸ್ಸು ನಿಲ್ಲುವ ಸ್ಥಳದವರೆಗೆ ನಡೆದುಬರುವುದುಂಟು. ಇದನ್ನು ಯಾವ ಮಗುವೂ ಅವಮಾನವೆಂದು ಬಗೆಯುವುದಿಲ್ಲ. ಆದರೆ ಅದೇ ಹೆತ್ತವರು ರಾತ್ರಿಯಲ್ಲಿ ಮಗಳ ಮೊಬೈಲನ್ನು ಅವಳಿಗೆ ತಿಳಿಯದಂತೆ ತೆರೆದು ಸಂದೇಶಗಳನ್ನು ಓದಿದರೆಂದು ಗೊತ್ತಾದರೆ, ಮನೆಯಲ್ಲಿ ಮಾತೇ ನಿಂತುಹೋಗುತ್ತದೆ. ಎರಡೂ ಕಾವಲೇ, ಎರಡಕ್ಕೂ ಮೂಲ ಪ್ರೀತಿಯೇ. ಹಾಗಾದರೆ ಭೇದವೆಲ್ಲಿದೆ?

ಹೆತ್ತವರ ಭಯ ನಿರಾಧಾರವಾದುದಲ್ಲ. ಆನೆ ಬಂದುಹೋದುದಕ್ಕೆ ಮುರಿದ ಕೊಂಬೆ, ಹಸಿ ಲದ್ದಿಗಳು ಸುಳಿವು ನೀಡುತ್ತವೆ. ಮೊಬೈಲಿನೊಳಗೆ ಬರುವ ಅಪರಿಚಿತನ ಹೆಜ್ಜೆ ಅಂಗಳದಲ್ಲಿ ಮೂಡುವುದಿಲ್ಲ. ಅವನು ಸಮವಯಸ್ಕನಂತೆ ನಟಿಸಿ ಸ್ನೇಹ ಬೆಳೆಸುತ್ತಾನೆ, ಭಾವಚಿತ್ರ ಕೇಳುತ್ತಾನೆ, ಬಳಿಕ ಅದನ್ನೇ ತೋರಿಸಿ ಬೆದರಿಸುತ್ತಾನೆ. 'ಮನೆಯಲ್ಲಿ ಹೇಳಬೇಡ' ಎಂಬುದೇ ಅವನ ಮುಖ್ಯ ಆಯುಧ.

ಗುಟ್ಟಾಗಿ ಓದುವುದರಿಂದ ಈ ಆಯುಧ ಮೊಂಡಾಗುವುದೇ? 1970ರ ದಶಕದಲ್ಲಿ ನಾನಿದ್ದ ವಿದ್ಯಾರ್ಥಿನಿಲಯದಲ್ಲಿ, ನಾವು ಮನೆಗೆ ಬರೆದ ಕಾಗದಗಳನ್ನು ಮೇಲ್ವಿಚಾರಕರು ಓದಿದ ಮೇಲೆಯೇ ಅಂಚೆಗೆ ಹಾಕುತ್ತಿದ್ದರು. ಪರಿಣಾಮವಾಗಿ ಎಲ್ಲರ ಕಾಗದಗಳೂ ಒಂದೇ ಬಗೆಯವಾದವು: 'ನಾನು ಇಲ್ಲಿ ಕ್ಷೇಮ.' ವಾರವಿಡೀ ಜ್ವರದಿಂದ ನರಳಿದ ಹುಡುಗನೂ ಹಾಗೆಯೇ ಬರೆದನು. ಓದುವ ಕಣ್ಣು ಹೆಚ್ಚಿದಂತೆ ತಿಳಿದುಬರುವ ಸಂಗತಿ ಕಡಿಮೆಯಾಯಿತು. ಇಂದಿನ ಮಕ್ಕಳಿಗಂತೂ ಮರೆಮಾಚುವ ಉಪಾಯಗಳು ಇನ್ನೂ ಹೆಚ್ಚು. ತಾನಾಗಿ ಅಳಿಸಿಹೋಗುವ ಸಂದೇಶಗಳ ಸೌಲಭ್ಯವನ್ನು ವಾಟ್ಸ್‌ಆ್ಯಪ್ 2020ರಲ್ಲಿಯೇ ಒದಗಿಸಿತು.

ಇನ್ನೊಂದು ಮಾತು. ಮಗಳ ಮೊಬೈಲಿನಲ್ಲಿ ಅವಳ ಮಾತುಗಳಷ್ಟೇ ಇರುವುದಿಲ್ಲ. ಗೆಳತಿಯ ಕಷ್ಟಸುಖಗಳೂ ಇರುತ್ತವೆ. ಅವನ್ನು ಓದಲು ಆ ಗೆಳತಿ ಯಾರಿಗೂ ಒಪ್ಪಿಗೆ ಕೊಟ್ಟಿಲ್ಲ. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಆದರೆ ಹದಿನೆಂಟು ತುಂಬದವರನ್ನು ರಕ್ಷಿಸುವ ಹೊಣೆ ಹೆತ್ತವರದೇ ಆಗಿದೆ. ಮಕ್ಕಳ ಹಕ್ಕು, ಹೆತ್ತವರ ಹೊಣೆ ಇವೆರಡನ್ನೂ ತೂಗಬೇಕಾದ ತಕ್ಕಡಿ ಮನೆಯಲ್ಲಿಯೇ ಇರಬೇಕು.

ಬಸ್ಸಿನವರೆಗೆ ಬರುವ ತಂದೆ ಮಗುವಿನ ಕಣ್ಣೆದುರಿಗೇ ನಡೆಯುತ್ತಾನೆ, ಅವಿತುಕೊಂಡು ಹಿಂಬಾಲಿಸುವುದಿಲ್ಲ. ತರಗತಿಯ ಬೆಂಚಿನವರೆಗೂ ಬರುವುದಿಲ್ಲ. ಭೇದವಿರುವುದು ಇಲ್ಲಿಯೇ. 'ಕದ್ದು ಓದುವುದಿಲ್ಲ, ಅಪಾಯದ ಸುಳಿವು ಕಂಡರೆ ನಿನ್ನೊಡನೆ ಕುಳಿತು ನೋಡುತ್ತೇವೆ. ನೀನಾಗಿ ಬಂದು ಹೇಳಿದರೆ ಬೈಯುವುದಿಲ್ಲ, ಮೊಬೈಲನ್ನು ಕಿತ್ತುಕೊಳ್ಳುವುದೂ ಇಲ್ಲ' ಎಂದು ಹೆತ್ತವರು ಮೊದಲೇ ಹೇಳಿ, ಹೇಳಿದಂತೆ ನಡೆದರೆ, ಬೆದರಿಸುವವನ ಆಯುಧ ಅಲ್ಲಿಗೇ ಮುರಿಯುತ್ತದೆ.

ವಿದ್ಯಾರ್ಥಿಗಳೇ, ನಂಬಿಕೆಯನ್ನು ಬೇಡುವವರು ಅದಕ್ಕೆ ತಕ್ಕಂತೆ ನಡೆಯಲೂ ಬೇಕು. ಯಾರಾದರೂ ನಿಮ್ಮನ್ನು ಬೆದರಿಸಿದ ದಿನವೇ ಮನೆಯಲ್ಲಿ ತಿಳಿಸಿರಿ. ಹೇಳಲು ನಾಲಗೆ ಏಳದಿದ್ದರೆ ಶಿಕ್ಷಕರ ಬಳಿಗೆ ಹೋಗಿರಿ, ಇಲ್ಲವೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆಮಾಡಿರಿ. ತಪ್ಪು ಬೆದರಿಸಿದವನದು, ನಿಮ್ಮದಲ್ಲ.