ರಜೆಯ ಬಣ್ಣವಲ್ಲ
ಮಳೆಗಾಲ ಬಂದರೆ ಕರಾವಳಿಯ ವಾಟ್ಸಾಪ್ ತುಂಬ ಒಂದೇ ಪ್ರಶ್ನೆ: ನಾಳೆ ಶಾಲೆಗೆ ರಜೆಯಾ? ರೆಡ್ ಅಲರ್ಟ್ ಎಂದರೆ ಅಷ್ಟೇ ಎಂಬಂತಾಗಿದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಈಗಲೇ ಕ್ರಮ ಕೈಗೊಳ್ಳಿ. 24 ಗಂಟೆಯಲ್ಲಿ 204.4 ಮಿ.ಮೀ. ದಾಟಿದರೆ ಅದು ಅತ್ಯಂತ ಭಾರಿ ಮಳೆ. ಆದರೆ ಬಣ್ಣ ಹಚ್ಚುವಾಗ ಮಳೆಯ ಅಳತೆಯ ಜೊತೆಗೆ ಆಗಬಹುದಾದ ಹಾನಿಯನ್ನೂ ನೋಡುತ್ತಾರೆ.

ನನಗಂತೂ ಕಿತ್ತಳೆಯೇ ಮುಖ್ಯ. ಗುಡ್ಡದ ಬುಡದ ಮನೆಯವರು, ಹೊಳೆಯಾಚೆ ತೋಟವಿರುವವರು ಟಾರ್ಚು, ಔಷಧಿ, ಕಾಗದಪತ್ರ ಎತ್ತಿಟ್ಟುಕೊಳ್ಳಲು, ನೆಂಟರ ಮನೆಗೆ ಹೊರಡಲು ಸಿಗುವ ಹೊತ್ತು ಅದು. ಕೆಂಪಿನ ಹೊತ್ತಿಗೆ ಕಾಲುಸಂಕ ನೀರಿನಡಿ ಹೋಗಿರಬಹುದು. ಸಿಡಿಲಿಗೆ ‘ದಾಮಿನಿ’ ಆ್ಯಪ್ ಬೇರೆಯೇ ಇದೆ. ಗದ್ದೆ, ತೋಟಕ್ಕೆ ಹೋಗುವ ಹಿರಿಯರ ಫೋನಿಗೂ ಹಾಕಿಕೊಡಿ.