ಸೊನ್ನೆಯಾದಾಗ ಸಿಗುವ ಉತ್ತರ

ಮಕ್ಕಳೇ, ಕಂಪ್ಯೂಟರಿನಿಂದ ಹೊರಡುವ ಮಾಹಿತಿ ಪ್ಯಾಕೆಟ್ ಎಂಬ ಸಣ್ಣ ತುಣುಕುಗಳಾಗಿ ಸಾಗುತ್ತದೆ. ದಾರಿಯುದ್ದಕ್ಕೂ ಇರುವ ರೂಟರ್ ಎಂಬ ಯಂತ್ರಗಳು ಅವನ್ನು ಮುಂದೆ ಮುಂದೆ ದಾಟಿಸುತ್ತವೆ. ಎರಡು ರೂಟರುಗಳು 'ಆ ಕಡೆ ಹೋಗು' ಎಂದು ತಪ್ಪಾಗಿ ಒಂದನ್ನೊಂದು ತೋರಿಸಿದರೆ? ಪ್ಯಾಕೆಟ್ ಅವುಗಳ ನಡುವೆಯೇ ಸುತ್ತುತ್ತಿರುತ್ತದೆ. ಇಂಥವು ಲಕ್ಷಗಟ್ಟಲೆ ಸೇರಿದರೆ ಉಳಿದವುಗಳಿಗೆ ದಾರಿಯೇ ಇಲ್ಲ!

ಅದಕ್ಕೆಂದೇ ಪ್ರತಿ ಪ್ಯಾಕೆಟಿನಲ್ಲೂ 'ಟೈಮ್ ಟು ಲಿವ್', ಅಂದರೆ ಬದುಕಿರುವ ಕಾಲ ಎಂಬ ಸಂಖ್ಯೆ ಇರುತ್ತದೆ. ಅದು 255ನ್ನು ಮೀರುವಂತಿಲ್ಲ; ಸಾಮಾನ್ಯವಾಗಿ 64 ಅಥವಾ 128 ಇರುತ್ತದೆ. ಹೆಸರಿನಲ್ಲಿ ಕಾಲ ಇದ್ದರೂ ಲೆಕ್ಕ ಮಾತ್ರ ರೂಟರುಗಳದ್ದು. ಪ್ರತಿ ರೂಟರ್ ಅದರಿಂದ 1 ಕಳೆಯುತ್ತದೆ. ಸೊನ್ನೆಯಾದರೆ ಪ್ಯಾಕೆಟನ್ನು ಅಲ್ಲೇ ಬಿಸಾಡಿ, 'ಇದರ ಅವಧಿ ಮುಗಿಯಿತು' ಎಂದು ಕಳಿಸಿದ ಕಂಪ್ಯೂಟರಿಗೆ ತಿಳಿಸುತ್ತದೆ.

ಶಾಲೆಗಳಿಗೆ ಹೋದಾಗ ನಾನು ಇದನ್ನು ಚೀಟಿ ಆಟವಾಗಿ ಆಡಿಸುತ್ತೇನೆ. ಎಂಟು ಮಕ್ಕಳು ಸಾಲಾಗಿ ಕೂರುತ್ತಾರೆ. ಚೀಟಿ ಸಿಕ್ಕವರು ಅದರಲ್ಲಿನ ಸಂಖ್ಯೆಯಿಂದ 1 ಕಳೆದು ಪಕ್ಕದವರಿಗೆ ಕೊಡಬೇಕು. ಯಾರ ಕೈಯಲ್ಲಿ ಸೊನ್ನೆಯಾಯಿತೋ ಅವರು ಚೀಟಿ ಹರಿದು ತಮ್ಮ ಹೆಸರು ಕೂಗಬೇಕು. 1 ಎಂದು ಬರೆದು ಕೊಟ್ಟರೆ ಮೊದಲನೆಯವರ ಹೆಸರು, 2 ಎಂದರೆ ಎರಡನೆಯವರದು. ಕಣ್ಣು ಕಟ್ಟಿಕೊಂಡು ನಿಂತಿದ್ದರೂ ಯಾರ ಪಕ್ಕ ಯಾರಿದ್ದಾರೆಂದು ಹೇಳಬಹುದು!

ಅಮೆರಿಕದ ವ್ಯಾನ್ ಜೇಕಬ್ಸನ್, ಸ್ಟೀವ್ ಡೀರಿಂಗ್ ಅವರ ಸಲಹೆಯಿಂದ, ಇದೇ ಉಪಾಯದ ಟ್ರೇಸ್‌ರೂಟ್ ಎಂಬ ಪ್ರೋಗ್ರಾಂ ಬರೆದರು. ಅದು ಬೇಕೆಂದೇ 1, 2, 3 ಎಂದು ಅಲ್ಪಾಯುಷ್ಯದ ಪ್ಯಾಕೆಟುಗಳನ್ನು ಕಳಿಸುತ್ತದೆ. ಅವು ಸತ್ತ ಜಾಗದ ರೂಟರ್ ತನ್ನ ವಿಳಾಸದೊಂದಿಗೆ ಉತ್ತರಿಸುತ್ತದೆ. ಸಾಯುವ ಪ್ಯಾಕೆಟಿನಿಂದ ದಾರಿ ತಿಳಿಯುವುದು ನನಗಂತೂ ಇಂದಿಗೂ ಸೋಜಿಗ.

ಒಮ್ಮೆ ಒಂದು ಶಾಲೆಯಲ್ಲಿ ಇಂಟರ್‌ನೆಟ್ ನಿಂತುಹೋಗಿತ್ತು. ಹಿಂದಿನ ದಿನ ಕಂಪ್ಯೂಟರ್ ಮುಟ್ಟಿದ್ದ ಏಳನೇ ತರಗತಿಯ ಹುಡುಗನೇ ಕೆಡಿಸಿದ್ದೆಂದು ಎಲ್ಲರ ಮಾತು. ಅವನು ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದ. ಅವನ ಕೈಯಿಂದಲೇ ಟ್ರೇಸ್‌ರೂಟ್ ಓಡಿಸಿದೆ. ಶಾಲೆಯ ರೂಟರ್ ಉತ್ತರಿಸಿತು. ಅದರಾಚೆಯದೂ ಉತ್ತರಿಸಿತು. ಮೂರನೇ ಸಾಲಿನಿಂದ ಬರೀ ನಕ್ಷತ್ರ ಚಿಹ್ನೆಗಳು.

"ಸರ್, ಪ್ಯಾಕೆಟ್ ನಮ್ಮ ಶಾಲೆ ದಾಟಿ ಹೋಗಿದೆ!" ಎಂದ.

ನಕ್ಷತ್ರ ಕಂಡ ಕೂಡಲೇ ದಾರಿ ಕೆಟ್ಟಿದೆ ಎನ್ನಬಾರದು. ಕೆಲವು ರೂಟರುಗಳನ್ನು ಉತ್ತರ ಕೊಡದಂತೆಯೇ ಇಟ್ಟಿರುತ್ತಾರೆ. ಅವುಗಳ ಮುಂದಿನ ಸಾಲಿನಲ್ಲಿ ಉತ್ತರ ಬಂದರೆ ದಾರಿ ಸರಿಯಿದೆ. ಹಾಗಾಗಿ ಇನ್ನೆರಡು ವಿಳಾಸಗಳಿಗೂ ಕಳಿಸಿ ನೋಡಿದೆವು. ಮೂವತ್ತನೇ ಸಾಲಿನವರೆಗೂ ನಕ್ಷತ್ರಗಳೇ. ಮುಖ್ಯ ಶಿಕ್ಷಕರು ಒಮ್ಮೆ ಹುಡುಗನನ್ನು ನೋಡಿ, ಸಂಪರ್ಕ ಕೊಟ್ಟವರಿಗೆ ಫೋನ್ ಮಾಡಲು ಎದ್ದರು.